ಸಕ್ಕರೆ ಕಡಿಮೆ ಮಾಡಿ ದೂರ ಓಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾರಥಾನ್, ದೂರದ ಸೈಕ್ಲಿಂಗ್, ಟ್ರಯಥ್ಲಾನ್‌ಗೆ ತಯಾರಾಗುವವರ ಜೊತೆ ಓಡುತ್ತಾ, ಅವರಿಗೆ ತರಬೇತಿ ಕೊಡುತ್ತಾ ಬಂದಿದ್ದೇನೆ. ಸಕ್ಕರೆಯ ವಿಷಯಕ್ಕೆ ಬಂದರೆ ನನ್ನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮ್ಮ ಪ್ರಶ್ನೆ ಯಾವುದೋ ಅದನ್ನಷ್ಟೇ ಓದಿದರೂ ಸಾಕು. ನಾನು ವೈದ್ಯನಲ್ಲ. ಕಾಯಿಲೆಯ ಮಾತು ಬಂದ ಕಡೆ ವೈದ್ಯರ ಹತ್ತಿರ ಹೋಗಿ ಎಂದೇ ಹೇಳಿದ್ದೇನೆ.

## ಶುರು ಮಾಡುವ ಮುಂಚೆ

ಕಡಿಮೆ ಸಕ್ಕರೆ ಅಂದ್ರೆ ಅನ್ನ, ಬ್ರೆಡ್ಡು, ಆಲೂಗಡ್ಡೆ ಎಲ್ಲಾ ಬಿಡಬೇಕಾ?

ಬೇಡ. ಈ ಒಂದು ಗೊಂದಲ ಕೆಡಿಸಿದಷ್ಟು ತಯಾರಿಯನ್ನು ಬೇರಾವ ತಪ್ಪೂ ಕೆಡಿಸಿದ್ದನ್ನು ನಾನು ಕಂಡಿಲ್ಲ. ಅನ್ನ, ಓಟ್ಸ್, ಆಲೂಗಡ್ಡೆ, ಬೇಳೆಕಾಳುಗಳಲ್ಲಿ ಇರುವುದು ಮುಖ್ಯವಾಗಿ ಪಿಷ್ಟ. ಅದೂ ಕಾರ್ಬೋಹೈಡ್ರೇಟೇ, ಹೊಟ್ಟೆಯಲ್ಲಿ ಅರಗಿ ಗ್ಲೂಕೋಸೇ ಆಗುತ್ತದೆ. ಆದರೆ ಅದರ ಜೊತೆಗೆ ನಾರು, ಬಿ ಗುಂಪಿನ ವಿಟಮಿನ್, ಪೊಟ್ಯಾಸಿಯಂ, ಸ್ವಲ್ಪ ಪ್ರೋಟೀನ್ ಬರುತ್ತವೆ. ಕಡಿಮೆ ಮಾಡಬೇಕಾದ್ದು ‘ಮುಕ್ತ ಸಕ್ಕರೆ’: ನಾವು ಕಾಫಿಗೆ ಹಾಕಿಕೊಳ್ಳುವುದು, ಬಿಸ್ಕತ್ತು, ಸಾಸ್, ತಂಪು ಪಾನೀಯಗಳಿಗೆ ತಯಾರಕರು ಬೆರೆಸುವುದು, ಜೇನು, ಸಿರಪ್, ಹಣ್ಣಿನ ರಸಗಳಲ್ಲಿ ಇರುವುದು. ಇಡೀ ಹಣ್ಣಿನಲ್ಲಿ, ಹಾಲಿನಲ್ಲಿ ತಾನಾಗಿ ಇರುವ ಸಕ್ಕರೆ ಈ ಲೆಕ್ಕಕ್ಕೆ ಸೇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ದಿನದ ಒಟ್ಟು ಶಕ್ತಿಯಲ್ಲಿ ಮುಕ್ತ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕಿಲೋಕ್ಯಾಲರಿ ತಿನ್ನುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ ತೂಗುತ್ತದೆ. 330 ಮಿಲಿ ಲೀಟರಿನ ಒಂದು ಕ್ಯಾನ್ ಕೋಲಾದಲ್ಲೇ ಸುಮಾರು 35 ಗ್ರಾಂ ಇರುತ್ತದೆ. ನಾನು ಓಟಗಾರರಿಗೆ ಹೇಳುವ ಗುರಿ ಇಷ್ಟೇ: ಓಡುವ ಹೊತ್ತನ್ನು ಬಿಟ್ಟು ಉಳಿದ ದಿನದಲ್ಲಿ 25 ಗ್ರಾಂ ಒಳಗಿರಲಿ. ಓಡುವ ಹೊತ್ತಿನ ಲೆಕ್ಕ ಬೇರೆ.

ವಾರಕ್ಕೆ ಅರವತ್ತು ಕಿಲೋಮೀಟರ್ ಓಡ್ತೀನಿ. ತಿಂದ ಸಕ್ಕರೆ ಎಲ್ಲಾ ಸುಟ್ಟು ಹೋಗುತ್ತಲ್ಲ, ಯಾಕೆ ಬಿಡಬೇಕು?

ಓಟದಲ್ಲಿ ಒಂದು ಕಿಲೋಮೀಟರಿಗೆ ದೇಹದ ಪ್ರತಿ ಕೆಜಿಗೆ ಸುಮಾರು 1 ಕಿಲೋಕ್ಯಾಲರಿ ಖರ್ಚಾಗುತ್ತದೆ. 60 ಕೆಜಿ ತೂಕದವರು 10 ಕಿಲೋಮೀಟರ್ ಓಡಿದರೆ 600. ಸುಡುವುದೇನೋ ನಿಜ. ಆದರೆ ಆ 600ರ ಜಾಗವನ್ನು ಬಿಸ್ಕತ್ತು ತುಂಬಿದರೆ ಕಬ್ಬಿಣ, ಕ್ಯಾಲ್ಸಿಯಂ, ಪ್ರೋಟೀನ್ ಬರಬೇಕಿದ್ದ ಜಾಗ ಹೋಯಿತು. ಹೆಚ್ಚು ಓಡುವವರಿಗೆ ಇವೆಲ್ಲ ಬೇರೆಯವರಿಗಿಂತ ಹೆಚ್ಚೇ ಬೇಕು.

ಹಲ್ಲಿನ ವಿಷಯವನ್ನೂ ಯಾರೂ ಯೋಚಿಸುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ವೇಳೆ ದಂತ ಚಿಕಿತ್ಸಾಲಯಕ್ಕೆ ಬಂದ ಕ್ರೀಡಾಪಟುಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಹುಳುಕು ಹಲ್ಲು ಕಂಡುಬಂದಿತ್ತು. ಓಡುವಾಗ ಬಾಯಿ ಒಣಗಿರುತ್ತದೆ, ಹಲ್ಲು ತೊಳೆಯಲು ಜೊಲ್ಲು ಸಾಲದು, ಮೇಲಿಂದ ಗುಟುಕು ಗುಟುಕಾಗಿ ಸಿಹಿ ನೀರು. ತಾಲೀಮಿನಲ್ಲಿ ಸಕ್ಕರೆ ತಪ್ಪಿಸಲಾಗದು ಎಂದಮೇಲೆ ಉಳಿದ ಹೊತ್ತಾದರೂ ಹಲ್ಲಿಗೆ ಬಿಡುವು ಸಿಗಲಿ.

ಜೇನುತುಪ್ಪ, ಖರ್ಜೂರ, ತಾಜಾ ಹಣ್ಣಿನ ರಸ ಸ್ವಾಭಾವಿಕ ತಾನೇ? ಅವುಗಳಿಗೂ ಲೆಕ್ಕ ಇಡಬೇಕಾ?

ಜೇನಿಗೆ, ರಸಕ್ಕೆ ಇಡಬೇಕು. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದೆ. ಮೂರು ಕಿತ್ತಳೆ ಹಿಂಡಿದ ರಸ ಒಂದೇ ನಿಮಿಷದಲ್ಲಿ ಗಂಟಲಿಳಿಯುತ್ತದೆ. ಅದೇ ಮೂರು ಕಿತ್ತಳೆಯನ್ನು ಸುಲಿದು ತಿನ್ನಲು ಕೂತರೆ ಎರಡನೆಯದಕ್ಕೇ ಸಾಕೆನಿಸುತ್ತದೆ. ಖರ್ಜೂರ ಇಡೀ ಹಣ್ಣು, ನಾರಿದೆ. ಆದರೆ ಒಣಗಿ ಸಾಂದ್ರವಾಗಿರುವುದರಿಂದ ಕೈಗೆ ಸಿಕ್ಕಷ್ಟು ತಿನ್ನುತ್ತಾ ಹೋಗುವುದು ಸುಲಭ. ಅದಕ್ಕೆ ಒಳ್ಳೆಯ ಜಾಗ ಓಟದ ಮುಂಚಿನ ಅರ್ಧ ಗಂಟೆ ಅಥವಾ ದೂರದ ಸೈಕಲ್ ಸವಾರಿಯ ಜೇಬು.

ಪೊಟ್ಟಣದ ಲೇಬಲ್ಲಿನಲ್ಲಿ ಏನು ನೋಡ್ಬೇಕು?

ಮೊದಲು 100 ಗ್ರಾಂನ ಸಾಲು ನೋಡಿ, ‘ಒಂದು ಸರ್ವಿಂಗ್’ ಸಾಲನ್ನಲ್ಲ. ಸರ್ವಿಂಗನ್ನು ಎಷ್ಟು ಬೇಕಾದರೂ ಚಿಕ್ಕದಾಗಿ ಬರೆಯಬಹುದು. ಆಮೇಲೆ ಪದಾರ್ಥಗಳ ಪಟ್ಟಿ. ಡೆಕ್ಸ್‌ಟ್ರೋಸ್, ಸುಕ್ರೋಸ್, ಫ್ರಕ್ಟೋಸ್, ಕಾರ್ನ್ ಸಿರಪ್, ಹಣ್ಣಿನ ಕಾನ್ಸಂಟ್ರೇಟ್ ಎಲ್ಲವೂ ಸಕ್ಕರೆಯೇ. ಒಂದೇ ತಿಂಡಿಯಲ್ಲಿ ಮೂರು ನಾಲ್ಕು ಹೆಸರಿನಲ್ಲಿ ಹಂಚಿಕೊಂಡಿದ್ದರೆ ಒಂದೂ ಪಟ್ಟಿಯ ಮೇಲ್ಭಾಗಕ್ಕೆ ಬರುವುದಿಲ್ಲ.

ಮಾಲ್ಟೊಡೆಕ್ಸ್‌ಟ್ರಿನ್ ಬಗ್ಗೆ ಗಮನವಿರಲಿ. ಇದು ಪಿಷ್ಟವನ್ನು ತುಂಡರಿಸಿ ಮಾಡಿದ ಪುಡಿ. ಸಿಹಿ ತೀರಾ ಕಡಿಮೆ, ಲೇಬಲ್ಲಿನ ಸಕ್ಕರೆಯ ಸಾಲಿನಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ರಕ್ತಕ್ಕೆ ಸೇರುವ ವೇಗದಲ್ಲಿ ಗ್ಲೂಕೋಸಿಗೆ ಸರಿಸಮ. ‘ಶುಗರ್ ಫ್ರೀ’ ಎಂದು ಬರೆದ ತಿಂಡಿಯಲ್ಲಿ ಇದ್ದರೆ ಮೋಸಹೋಗಬೇಡಿ. ಓಡುವಾಗ ಕುಡಿಯುವ ಪುಡಿಯಲ್ಲಿ ಇದ್ದರೆ ಅದು ಇರಬೇಕಾದ ಜಾಗದಲ್ಲೇ ಇದೆ.

ರೇಸ್‌ಗೆ ಇನ್ನು ಮೂರೇ ವಾರ ಇದೆ. ಈಗಲೇ ಶುರು ಮಾಡಲಾ?

ರೇಸ್ ಮುಗಿಯಲಿ. ಕಡೆಯ ಮೂರು ವಾರದಲ್ಲಿ ಊಟ ಬದಲಿಸಿದರೆ ಸಿಗುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಶುರು ಮಾಡಲು ಹದವಾದ ಕಾಲ ತರಬೇತಿಯ ಮೊದಲ ಹಂತ, ಅಂದರೆ ಓಟ ನಿಧಾನವಿದ್ದು ಇಂಟರ್ವಲ್‌ಗಳು (ನಡುನಡುವೆ ಬಿಡುವು ಕೊಟ್ಟು ಓಡುವ ಬಿರುಸು ಓಟಗಳು) ಇನ್ನೂ ಶುರುವಾಗದ ವಾರಗಳು. ಆಗ ಒಂದೆರಡು ಓಟ ಸಪ್ಪೆಯಾದರೂ ನಷ್ಟವಿಲ್ಲ. ಮೂರು ವಾರವಷ್ಟೇ ಉಳಿದಿದ್ದರೂ ಸಿಹಿ ತಂಪು ಪಾನೀಯ ಒಂದನ್ನು ಬಿಡುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

## ಮೊದಲ ವಾರಗಳು

ಒಂದೇ ಸಲ ನಿಲ್ಲಿಸೋದಾ, ಸ್ವಲ್ಪ ಸ್ವಲ್ಪ ಕಡಿಮೆ ಮಾಡೋದಾ?

ಕುಡಿಯುವುದನ್ನು ಒಮ್ಮೆಲೇ, ತಿನ್ನುವುದನ್ನು ಮೆಲ್ಲಗೆ. ತಂಪು ಪಾನೀಯ, ರಸ, ಸುವಾಸನೆಯ ಹಾಲು ಇವೆಲ್ಲ ಹೊಟ್ಟೆ ತುಂಬಿಸದೆ ಸಕ್ಕರೆ ತುಂಬಿಸುತ್ತವೆ. ಇವುಗಳನ್ನು ಬಿಟ್ಟರೆ ಬಹಳ ಜನರಿಗೆ ಅರ್ಧ ಕೆಲಸ ಮುಗಿದ ಹಾಗೆ. ಕಾಫಿ, ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ, ಆದರೆ ಹೊಂದಿಕೊಳ್ಳುತ್ತದೆ. ಮುಂಚೆ ಇಷ್ಟಪಟ್ಟು ತಿನ್ನುತ್ತಿದ್ದ ಬಿಸ್ಕತ್ತು ಆಮೇಲೆ ಅತಿಯಾಗಿ ಸಿಹಿ ಎನಿಸಿದಾಗ ನಿಮಗೇ ಗೊತ್ತಾಗುತ್ತದೆ.

ಸಕ್ಕರೆ ಬಿಟ್ಟು ಹತ್ತು ದಿನ ಆಯ್ತು. ಮೆಟ್ಟಿಲು ಹತ್ತೋಕೂ ಕಾಲು ಭಾರ, ಟೆಂಪೋ ಓಟ ಅರ್ಧಕ್ಕೇ ಬಿಟ್ಟೆ. ಇದು ಸಹಜವಾ?

ಸಾಮಾನ್ಯ, ಆದರೆ ಸಹಿಸಿಕೊಂಡು ಹೋಗಬೇಕಾದ್ದಲ್ಲ. ‘ದೇಹ ಶುದ್ಧವಾಗುತ್ತಿದೆ, ಎರಡು ವಾರ ತಡೆದುಕೋ’ ಎಂದು ಯಾರಾದರೂ ಹೇಳಿದ್ದರೆ ಅದನ್ನು ಪಕ್ಕಕ್ಕಿಡಿ. ಹೆಚ್ಚಿನವರಲ್ಲಿ ಆಗಿರುವುದು ಒಂದೇ: ಸಕ್ಕರೆಯನ್ನು ತಟ್ಟೆಯಿಂದ ತೆಗೆದರು, ಆ ಜಾಗಕ್ಕೆ ಏನನ್ನೂ ಹಾಕಲಿಲ್ಲ.

ಲೆಕ್ಕ ಹಾಕಿ ನೋಡೋಣ. ನಮ್ಮ ಸ್ನಾಯುಗಳಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟಿರುವ ಕಾರ್ಬ್ (ಕಾರ್ಬೋಹೈಡ್ರೇಟ್) ಸುಮಾರು 300ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 80ರಿಂದ 100 ಗ್ರಾಂ. ಇದು ದಿನವೂ ಖರ್ಚಾಗಿ ದಿನವೂ ತುಂಬಬೇಕಾದ ಕಣಜ. ದಿನಕ್ಕೆ ಒಂದು ಗಂಟೆಯಷ್ಟು ತಾಲೀಮು ಮಾಡುವವರಿಗೆ ದೇಹದ ಪ್ರತಿ ಕೆಜಿಗೆ 5ರಿಂದ 7 ಗ್ರಾಂ ಕಾರ್ಬ್ ಬೇಕೆಂದು ಕ್ರೀಡಾ ಪೋಷಣೆಯ ಮಾರ್ಗಸೂಚಿಗಳು ಹೇಳುತ್ತವೆ. 60 ಕೆಜಿಯವರಿಗೆ 300ರಿಂದ 420 ಗ್ರಾಂ. ನೀವು ಮುಂಚೆ ದಿನಕ್ಕೆ 60 ಗ್ರಾಂ ಸಕ್ಕರೆ ತಿನ್ನುತ್ತಿದ್ದಿರಿ ಎಂದುಕೊಳ್ಳಿ. ಅದನ್ನು ಬಿಟ್ಟಾಗ ದಿನಕ್ಕೆ 60 ಗ್ರಾಂ ಕಾರ್ಬ್ ಖೋತಾ. ಓಟ ಮಾತ್ರ ಹಾಗೇ ನಡೆದಿದೆ. ಮೊದಲ ಮೂರು ನಾಲ್ಕು ದಿನ ಏನೂ ಗೊತ್ತಾಗುವುದಿಲ್ಲ. ಎರಡನೇ ವಾರ ಕಣಜದ ತಳ ಕಾಣುತ್ತದೆ, ಕಾಲಿಗೆ ಮರಳು ತುಂಬಿದ ಹಾಗಾಗುತ್ತದೆ.

ಆ 60 ಗ್ರಾಂ ವಾಪಸ್ ತರಲು ಸುಮಾರು 215 ಗ್ರಾಂ ಬೇಯಿಸಿದ ಅನ್ನ ಸಾಕು, ಅಥವಾ 300 ಗ್ರಾಂ ಬೇಯಿಸಿದ ಆಲೂಗಡ್ಡೆ. ಇಲ್ಲಾ ಎರಡು ದೊಡ್ಡ ಬಾಳೆಹಣ್ಣು. ಮೊದಲು ಇದನ್ನು ಮಾಡಿ, ಎರಡು ಮೂರು ದಿನ ಹಗುರ ಓಟ ಇಟ್ಟುಕೊಳ್ಳಿ, ಬಹುತೇಕ ಸರಿಹೋಗುತ್ತದೆ. ಸರಿಹೋಗದಿದ್ದರೆ ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡಿನಂಥ ಬೇರೆ ಕಾರಣ ಇರಬಹುದು, ಪರೀಕ್ಷೆ ಮಾಡಿಸಿ.

ನಾನೂ ಇದೇ ದಾರಿಯಲ್ಲಿ ಬಂದವನು. ಮೊದಲ ಸಲ ಸಕ್ಕರೆ ಬಿಟ್ಟಾಗ ಅನ್ನವನ್ನೂ ಅರ್ಧ ಮಾಡಿದ್ದೆ. ಮೂವತ್ತು ಕಿಲೋಮೀಟರ್ ಓಡಲು ಹೋಗಿ ಇಪ್ಪತ್ತೆರಡರಲ್ಲಿ ರಸ್ತೆಬದಿ ಕೂತೆ, ಕೈ ನಡುಗುತ್ತಿತ್ತು, ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ಆ ದಿನದಿಂದ ನನ್ನ ಹತ್ತಿರ ತರಬೇತಿಗೆ ಬರುವವರಿಗೆ ಯಾವುದನ್ನಾದರೂ ಬಿಡಿ ಎನ್ನುವ ಮೊದಲು ಅದರ ಬದಲಿಗೆ ಏನು ತಿನ್ನಬೇಕು ಎಂದು ಹೇಳುತ್ತೇನೆ.

ಮೊದಲ ವಾರದಲ್ಲೇ ಎರಡು ಕೆಜಿ ಇಳಿದೆ! ಕೊಬ್ಬು ಕರಗ್ತಿದೆ ಅಲ್ವಾ?

ಬಹುಪಾಲು ನೀರು. ಒಂದು ಗ್ರಾಂ ಗ್ಲೈಕೊಜೆನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬ್ ಖಾಲಿಯಾದಾಗ ಆ ನೀರೂ ಹೋಗುತ್ತದೆ. ವಾರದಲ್ಲಿ ಎರಡು ಕೆಜಿ ಇಳಿದರೆ ನಾನು ಸಂತೋಷಪಡುವ ಬದಲು ಕಾರ್ಬ್ ಕಡಿಮೆ ಬಿದ್ದಿದೆಯೇ ಎಂದು ವಿಚಾರಿಸುತ್ತೇನೆ.

ಹಗಲೆಲ್ಲಾ ಸರಿಯಾಗಿರ್ತೀನಿ, ರಾತ್ರಿ ಊಟ ಆದ್ಮೇಲೆ ಸಿಹಿ ಬೇಕೇ ಬೇಕು ಅನ್ಸುತ್ತೆ. ಮನಸ್ಸು ಗಟ್ಟಿ ಇಲ್ವಾ ನಂಗೆ?

ಮನಸ್ಸಿನ ಮೇಲೆ ತಪ್ಪು ಹೊರಿಸುವ ಮುಂಚೆ ಬೆಳಗಿನ ತಟ್ಟೆ ನೋಡಿ. ಬೆಳಗ್ಗೆ ಒಂದೂವರೆ ಗಂಟೆ ಓಡಿ, ತಿಂಡಿಗೆ ಎರಡು ಚೂರು ಬ್ರೆಡ್ಡು, ಮಧ್ಯಾಹ್ನ ಕೆಲಸದ ಗಡಿಬಿಡಿಯಲ್ಲಿ ಒಂದಿಷ್ಟು ಅನ್ನ. ಹೀಗಿದ್ದರೆ ರಾತ್ರಿ ಒಂಬತ್ತಕ್ಕೆ ದೇಹ ತನ್ನ ಬಾಕಿ ವಸೂಲಿಗೆ ನಿಂತಿದೆ ಎಂದೇ ಅರ್ಥ. ಓಟ ಮುಗಿದ ಒಂದು ಗಂಟೆಯೊಳಗೆ ಪೂರ್ತಿ ತಿಂಡಿ ಮಾಡಿ, ಅದರಲ್ಲಿ 20ರಿಂದ 30 ಗ್ರಾಂ ಪ್ರೋಟೀನ್ ಇರಲಿ, ಸಂಜೆ ನಾಲ್ಕರ ಹೊತ್ತಿಗೆ ಮೊಸರು, ಹಣ್ಣು, ಒಂದು ಹಿಡಿ ಬೀಜಗಳು. ಎರಡು ವಾರ ಹೀಗೆ ಮಾಡಿದವರಲ್ಲಿ ಹೆಚ್ಚಿನವರು ರಾತ್ರಿಯ ಕಾಟ ತಗ್ಗಿತು ಎಂದಿದ್ದಾರೆ. ಆಮೇಲೂ ಉಳಿದರೆ ಅದು ಅಭ್ಯಾಸ. ಊಟದ ನಂತರ ಒಂದು ಹಣ್ಣು ತಿಂದು ಹಲ್ಲುಜ್ಜಿಬಿಡಿ.

ಸಕ್ಕರೆ ಬದಲು ಶುಗರ್ ಫ್ರೀ ಮಾತ್ರೆ, ಶುಗರ್ ಫ್ರೀ ಚಾಕೊಲೇಟ್ ಆಗುತ್ತಾ?

ಸ್ವಲ್ಪ ದಿನದ ಊರುಗೋಲಾಗಿ ಆಗಬಹುದು, ಕಾಯಂ ಬೇಡ. ತೂಕ ಇಳಿಸಲೆಂದು ಇಂಥ ಸಿಹಿಕಾರಕ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ (ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ). ಓಟಗಾರರಿಗೆ ಇನ್ನೊಂದು ಎಚ್ಚರಿಕೆ: ಸಾರ್ಬಿಟಾಲ್, ಮಾಲ್ಟಿಟಾಲ್, ಮ್ಯಾನಿಟಾಲ್ ಹಾಕಿದ ಚಾಕೊಲೇಟು, ಚೂಯಿಂಗ್ ಗಮ್‌ಗಳು ಕರುಳಿಗೆ ನೀರೆಳೆದು ಭೇದಿ ತರಬಲ್ಲವು. ಲಾಂಗ್ ರನ್ನಿನ ಹಿಂದಿನ ರಾತ್ರಿ ಮುಟ್ಟಲೇಬೇಡಿ.

## ಓಡುವ ಹೊತ್ತು

ಊಟದಲ್ಲಿ ಸಕ್ಕರೆ ಬಿಟ್ಟು ಓಟದಲ್ಲಿ ಜೆಲ್ ಹೀರೋದು ನಮಗೆ ನಾವೇ ಮೋಸ ಮಾಡ್ಕೊಂಡ ಹಾಗಲ್ವಾ?

ಅಲ್ಲವೇ ಅಲ್ಲ. (ಜೆಲ್ ಅಂದರೆ ಓಡುತ್ತಲೇ ನುಂಗಲೆಂದು ಪೊಟ್ಟಣದಲ್ಲಿ ಬರುವ ಗಟ್ಟಿ ಸಿಹಿ ಪಾಕ.) ಸುಮ್ಮನೆ ಕೂತಿರುವಾಗ ತಿಂದ ಸಕ್ಕರೆಗೂ ಓಡುತ್ತಿರುವಾಗ ತಿಂದ ಸಕ್ಕರೆಗೂ ದೇಹದೊಳಗೆ ಸಿಗುವ ಸ್ವಾಗತ ಬೇರೆ ಬೇರೆ. ಕೂತಾಗ ರಕ್ತದ ಗ್ಲೂಕೋಸ್ ಏರುತ್ತದೆ, ಅದನ್ನು ಇಳಿಸಲು ಇನ್ಸುಲಿನ್ ಬೇಕು, ಖರ್ಚಿಲ್ಲದ್ದು ದಾಸ್ತಾನಾಗುತ್ತದೆ. ಓಡುವಾಗ ಸ್ನಾಯು ಸಂಕುಚಿಸುವ ಕ್ರಿಯೆಯೇ ಗ್ಲೂಟ್-4 ಎಂಬ ಸಾಗಣೆಯ ಪ್ರೋಟೀನನ್ನು ಜೀವಕೋಶದ ಹೊರಪದರಕ್ಕೆ ತರುತ್ತದೆ, ಗ್ಲೂಕೋಸ್ ಇನ್ಸುಲಿನ್ನಿನ ಹಂಗಿಲ್ಲದೆ ಒಳಗೆ ಹೋಗಿ ಉರಿಯುತ್ತದೆ. ಆ ಹೊತ್ತಿಗೆ ಇನ್ಸುಲಿನ್ ಮಟ್ಟ ತಗ್ಗಿಯೇ ಇರುತ್ತದೆ.

ಇದು ಹೊಸ ತಿಳಿವಳಿಕೆಯೂ ಅಲ್ಲ. 1924ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದವರ ರಕ್ತ ಪರೀಕ್ಷಿಸಿದ ವೈದ್ಯರಿಗೆ ಹಲವರ ರಕ್ತದಲ್ಲಿ ಸಕ್ಕರೆ ತೀರಾ ಕೆಳಗಿಳಿದದ್ದು ಕಂಡಿತು. ಅವರಲ್ಲಿ ಕೆಲವರು ಬಿಳಿಚಿಕೊಂಡು, ಗೊಂದಲಗೊಂಡು, ನಿಲ್ಲಲಾರದೆ ಇದ್ದರು. ಮರುವರ್ಷ ಅದೇ ಓಟದಲ್ಲಿ ಕೆಲವರಿಗೆ ಮುಂಚೆಯೇ ಹೆಚ್ಚು ಕಾರ್ಬ್ ತಿನ್ನಲು ಹೇಳಿ, ದಾರಿಯಲ್ಲಿ ಮಿಠಾಯಿ ಕೊಟ್ಟರು. ರಕ್ತದ ಸಕ್ಕರೆ ಇಳಿಯಲಿಲ್ಲ, ಓಟಗಾರರೂ ಗಟ್ಟಿಯಾಗಿ ಬಂದು ಮುಟ್ಟಿದರು. ನೂರು ವರ್ಷದ ಹಿಂದೆ ಗೊತ್ತಾದ ಪಾಠ ಇದು. ಸಕ್ಕರೆ ಬಿಡುವ ಉತ್ಸಾಹದಲ್ಲಿ ಇದನ್ನೇ ಬಿಟ್ಟುಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎಷ್ಟು ಹೊತ್ತಿನ ಓಟಕ್ಕೆ ಎಷ್ಟು ಕಾರ್ಬ್ ಬೇಕು?

ಮುಕ್ಕಾಲು ಗಂಟೆಯೊಳಗಿನ ಓಟಕ್ಕೆ ನೀರು ಸಾಕು. ಒಂದು ಗಂಟೆಯ ಆಸುಪಾಸಿನ ಬಿರುಸು ಓಟಕ್ಕೆ ಸಿಹಿ ನೀರನ್ನು ಬಾಯಲ್ಲಿ ಮುಕ್ಕಳಿಸಿ ಉಗಿದರೂ ಲಾಭವಿದೆ. 2004ರ ಒಂದು ಅಧ್ಯಯನದಲ್ಲಿ ಮಾಲ್ಟೊಡೆಕ್ಸ್‌ಟ್ರಿನ್ ನೀರನ್ನು ಬರೀ ಮುಕ್ಕಳಿಸಿದ ಸೈಕಲ್ ಸವಾರರು ಒಂದು ಗಂಟೆಯಷ್ಟು ಹೊತ್ತಿನ ಟೈಮ್ ಟ್ರಯಲ್ಲನ್ನು ಶೇ. 3ರಷ್ಟು ಬೇಗ ಮುಗಿಸಿದ್ದರು. ಬಾಯಿಯಿಂದ ಮಿದುಳಿಗೆ ಹೋಗುವ ಸಂದೇಶವೇ ಅದಕ್ಕೆ ಕಾರಣ ಎನ್ನುತ್ತಾರೆ. ಸಕ್ಕರೆ ನುಂಗಲು ಮನಸ್ಸಿಲ್ಲದವರಿಗೆ ಇದು ಉಪಯೋಗದ ಮಾತು.

ಒಂದರಿಂದ ಎರಡೂವರೆ ಗಂಟೆಯವರೆಗೆ, ಗಂಟೆಗೆ 30ರಿಂದ 60 ಗ್ರಾಂ. ಅದಕ್ಕಿಂತ ದೀರ್ಘವಾದರೆ 90 ಗ್ರಾಂವರೆಗೆ. ಕರುಳು ಗ್ಲೂಕೋಸನ್ನು ಗಂಟೆಗೆ ಸುಮಾರು 60 ಗ್ರಾಂನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಫ್ರಕ್ಟೋಸಿಗೆ ಬೇರೆ ಬಾಗಿಲಿದೆ. ಆದ್ದರಿಂದ 60 ದಾಟಬೇಕಾದರೆ ಎರಡೂ ಬೆರೆತಿರಬೇಕು. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 30 ಗ್ರಾಂ, ಶೇ. 6ರ ಕ್ರೀಡಾ ಪಾನೀಯದ ಅರ್ಧ ಲೀಟರಿನಲ್ಲಿ 30 ಗ್ರಾಂ ಕಾರ್ಬ್ ಇರುತ್ತದೆ. ಮೊದಲ ತುತ್ತನ್ನು ಸುಸ್ತಾದ ಮೇಲಲ್ಲ, ಅರ್ಧ ಗಂಟೆಗೇ ತೆಗೆದುಕೊಳ್ಳಿ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಬಹುದಾ?

ಒಂದು ಗಂಟೆಯೊಳಗಿನ, ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟಕ್ಕೆ ಓಡಬಹುದು. ಇಂಟರ್ವಲ್‌ಗೂ ಲಾಂಗ್ ರನ್ನಿಗೂ ಬೇಡ. ರಾತ್ರಿಯಿಡೀ ಉಪವಾಸವಿದ್ದಾಗ ಯಕೃತ್ತಿನ ದಾಸ್ತಾನು ಕರಗಿರುತ್ತದೆ.

ಓಟಕ್ಕೆ ಮುಕ್ಕಾಲು ಗಂಟೆ ಮುಂಚೆ ಸಿಹಿ ಏನಾದ್ರೂ ತಿಂದ್ರೆ ಮೊದಲ ಎರಡು ಕಿಲೋಮೀಟರಲ್ಲೇ ತಲೆ ತಿರುಗುತ್ತೆ. ಯಾಕೆ?

ತಿಂದ ಸಿಹಿಗೆ ಇನ್ಸುಲಿನ್ ಏರಿ ನಿಂತಿರುವಾಗಲೇ ಓಟ ಶುರುವಾಗುತ್ತದೆ. ಸ್ನಾಯುಗಳೂ ಗ್ಲೂಕೋಸ್ ಎಳೆಯುತ್ತವೆ, ಇನ್ಸುಲಿನ್ನೂ ಇಳಿಸುತ್ತದೆ. ಎರಡೂ ಸೇರಿ ಕೆಲವರಿಗೆ ರಕ್ತದ ಸಕ್ಕರೆ ದಿಢೀರನೆ ಕುಸಿಯುತ್ತದೆ. ಎಲ್ಲರಿಗೂ ಆಗುವುದಿಲ್ಲ, ಆಗುವವರಿಗೂ ಹೆಚ್ಚಾಗಿ ಇಪ್ಪತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಊಟವನ್ನು ಎರಡು ಮೂರು ಗಂಟೆ ಮುಂಚೆ ಮುಗಿಸಿ, ಸಿಹಿ ಬೇಕಿದ್ದರೆ ಹೊರಡಲು ಐದು ನಿಮಿಷ ಇರುವಾಗ ತೆಗೆದುಕೊಳ್ಳಿ.

ಸಕ್ಕರೆ ಬಿಟ್ಟ ಮೇಲೆ ಜೆಲ್ ಹೊಟ್ಟೆಗೇ ಹಿಡಿಸ್ತಿಲ್ಲ. ತೊಳಸುತ್ತೆ, ಉಬ್ಬರಿಸುತ್ತೆ. ಏನು ಮಾಡ್ಲಿ?

ಕರುಳಿಗೂ ತಾಲೀಮು ಬೇಕು. ಓಡುತ್ತಾ ತಿನ್ನುವ ಅಭ್ಯಾಸವನ್ನೇ ಬಿಟ್ಟರೆ ಅದರ ಹೀರುವ ಶಕ್ತಿ ತಗ್ಗುತ್ತದೆ, ಮತ್ತೆ ರೂಢಿಸಿದರೆ ಒಂದೆರಡು ವಾರದಲ್ಲೇ ಸುಧಾರಿಸತೊಡಗುತ್ತದೆ. ರೇಸ್‌ಗೆ ಎಂಟು ಹತ್ತು ವಾರ ಇರುವಾಗಿನಿಂದ ವಾರಕ್ಕೊಂದು ಲಾಂಗ್ ರನ್ನಿನಲ್ಲಿ ಗಂಟೆಗೆ 30 ಗ್ರಾಂನಿಂದ ಶುರುಮಾಡಿ ಮೇಲೇರಿ. ಜೆಲ್ ಜೊತೆ ನೀರನ್ನೇ ಕುಡಿಯಿರಿ, ಕ್ರೀಡಾ ಪಾನೀಯವನ್ನಲ್ಲ. ಎರಡೂ ಸಿಹಿ ಸೇರಿದರೆ ಹೊಟ್ಟೆಯಲ್ಲೇ ನಿಲ್ಲುತ್ತದೆ.

ಸಿಹಿಯೇ ಬೇಡವೆನಿಸಿದರೆ ಉಪ್ಪು ಹಾಕಿ ಬೇಯಿಸಿದ ಸಣ್ಣ ಆಲೂಗಡ್ಡೆ, ಅನ್ನದ ಸಣ್ಣ ಉಂಡೆ ಚೆನ್ನಾಗಿ ಕೆಲಸ ಮಾಡುತ್ತವೆ, ಅದರಲ್ಲೂ ಸೈಕಲ್ ಮೇಲೆ. ಬಿರುಸಿನ ಓಟದಲ್ಲಿ ಅಗಿದು ನುಂಗುವುದು ಕಷ್ಟ.

ಓಟ ಮುಗಿದ ತಕ್ಷಣ ರಿಕವರಿ ಡ್ರಿಂಕ್ ಕುಡಿಯಲೇಬೇಕಾ? ಅದರ ತುಂಬಾ ಸಕ್ಕರೆ.

ಅದೇ ದಿನ ಎಂಟು ಗಂಟೆಯೊಳಗೆ ಇನ್ನೊಂದು ತಾಲೀಮು ಇದ್ದರೆ ಬೇಗ ತುಂಬಿಸಬೇಕು: ಮೊದಲ ನಾಲ್ಕು ಗಂಟೆ, ಗಂಟೆಗೆ ದೇಹದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಕಾರ್ಬ್. ಆಗ ಸಿಹಿ ಪಾನೀಯಕ್ಕೆ ಅರ್ಥವಿದೆ. ಮುಂದಿನ ಓಟ ನಾಳೆ ಬೆಳಗ್ಗೆ ಎಂದಾದರೆ ಎಂದಿನ ಊಟವೇ ಸಾಕು. ಸರಿಯಾಗಿ ಉಂಡರೆ 24 ಗಂಟೆಯಲ್ಲಿ ಕಣಜ ತುಂಬುತ್ತದೆ.

## ಇನ್ನಷ್ಟು ಆಳಕ್ಕೆ

ಕಾರ್ಬನ್ನೇ ಬಿಟ್ಟು ಕೊಬ್ಬಿನ ಮೇಲೆ ಓಡೋದು ಕಲಿಸಿದ್ರೆ ಜೆಲ್ಲೇ ಬೇಡವಂತೆ, ನಿಜವಾ?

ದೇಹ ಕಲಿಯುತ್ತದೆ ಎಂಬುದು ನಿಜ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಹುಕಾಲ ಅತಿ ಕಡಿಮೆ ಕಾರ್ಬ್ ತಿಂದ ದೀರ್ಘ ಓಟಗಾರರು ನಿಮಿಷಕ್ಕೆ ಸರಾಸರಿ 1.5 ಗ್ರಾಂ ಕೊಬ್ಬನ್ನು ಉರಿಸಿದರು, ಕಾರ್ಬ್ ತಿನ್ನುವವರು ಸುಮಾರು 0.7 ಗ್ರಾಂ. ಎರಡು ಪಟ್ಟಿಗೂ ಹೆಚ್ಚು. ಇಲ್ಲಿಯವರೆಗೆ ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ.

ತೊಡಕು ಇರುವುದು ಆಮ್ಲಜನಕದಲ್ಲಿ. ಒಂದು ಲೀಟರ್ ಆಮ್ಲಜನಕ ಬಳಸಿ ಕಾರ್ಬ್ ಉರಿಸಿದರೆ ಸುಮಾರು 5.05 ಕಿಲೋಕ್ಯಾಲರಿ ಸಿಗುತ್ತದೆ, ಕೊಬ್ಬು ಉರಿಸಿದರೆ 4.69. ನಿಧಾನವಾಗಿ ಓಡುವಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಏದುಸಿರಿನ ವೇಗದಲ್ಲಿ ಆಮ್ಲಜನಕವೇ ಮಿತಿಯಾದಾಗ ಅದೇ ಗೆಲ್ಲಿಸುವುದು, ಸೋಲಿಸುವುದು. ಲೂಯಿಸ್ ಬರ್ಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ, ಅಗ್ರ ದರ್ಜೆಯ ನಡಿಗೆ ಸ್ಪರ್ಧಿಗಳ ಅಧ್ಯಯನದಲ್ಲಿ ಇದೇ ಕಂಡಿತು. ಮೂರು ವಾರದ ಕಠಿಣ ತರಬೇತಿಯ ನಂತರ ಕಾರ್ಬ್ ಹೆಚ್ಚು ತಿಂದವರು 10 ಕಿಲೋಮೀಟರ್ ಸ್ಪರ್ಧೆಯಲ್ಲಿ ಶೇ. 6.6ರಷ್ಟು ಸುಧಾರಿಸಿದರು. ಕಡಿಮೆ ಕಾರ್ಬ್, ಹೆಚ್ಚು ಕೊಬ್ಬು ತಿಂದವರು ಅಷ್ಟೇ ತರಬೇತಿ ಮಾಡಿಯೂ ಸುಧಾರಿಸಲಿಲ್ಲ. ಇನ್ನೂ ಹಿಂದೆ, 1967ರಲ್ಲಿ ಸ್ವೀಡನ್ನಿನ ಸಂಶೋಧಕರು ಸ್ನಾಯುವಿನ ಚೂರು ತೆಗೆದು ನೋಡಿ ನಡೆಸಿದ ಪ್ರಯೋಗದಲ್ಲಿ ಒಂದೇ ಬಿರುಸಿನ ಸೈಕ್ಲಿಂಗನ್ನು ಕಾರ್ಬ್ ಕಡಿಮೆ ತಿಂದಾಗ ಸುಮಾರು 57 ನಿಮಿಷ, ಮಿಶ್ರ ಊಟದಲ್ಲಿ 114, ಹೆಚ್ಚು ಕಾರ್ಬ್ ತಿಂದಾಗ 167 ನಿಮಿಷ ಮುಂದುವರಿಸಲು ಆಗಿತ್ತು.

ಇಡೀ ದಿನ ನಿಧಾನವಾಗಿ ಸಾಗುವ ಅಲ್ಟ್ರಾ ಓಟಗಾರರು ಕೆಲವರು ಕಡಿಮೆ ಕಾರ್ಬ್‌ನಲ್ಲಿ ಚೆನ್ನಾಗಿಯೇ ಇದ್ದಾರೆ. ಮ್ಯಾರಥಾನ್ ಸಮಯ ಇಳಿಸಬೇಕೆನ್ನುವವರಿಗೆ ನಾನು ಆ ದಾರಿ ಹೇಳುವುದಿಲ್ಲ.

‘ಟ್ರೈನ್ ಲೋ’ ಅಂತಾರಲ್ಲ, ಅದೇನು?

ಕೆಲವು ಆಯ್ದ ಓಟಗಳನ್ನು ಮಾತ್ರ ಬೇಕೆಂದೇ ಕಾರ್ಬ್ ಕಡಿಮೆ ಇಟ್ಟು ಮಾಡುವುದು. ಒಂದು ಬಗೆ ಹೀಗೆ: ಸಂಜೆ ಇಂಟರ್ವಲ್ ಮಾಡಿ, ರಾತ್ರಿ ಪ್ರೋಟೀನ್, ತರಕಾರಿ ಮಾತ್ರ ತಿಂದು ಮಲಗಿ, ಬೆಳಗ್ಗೆ ತಿಂಡಿಗೆ ಮುಂಚೆ ಒಂದು ಗಂಟೆ ನಿಧಾನ ಓಟ. ಬರಿದಾದ ಸ್ನಾಯು ಹೊಸ ಮೈಟೊಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗಗಳು) ಕಟ್ಟುವ ಸಂಕೇತಗಳನ್ನು ಹೆಚ್ಚು ಜೋರಾಗಿ ಕಳಿಸುತ್ತದೆ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು. ಜ್ವರ, ನೆಗಡಿ, ನಿದ್ದೆಗೆಟ್ಟ ವಾರದಲ್ಲಿ ಬೇಡವೇ ಬೇಡ. ಮೊದಲ ಮ್ಯಾರಥಾನ್ ಓಡುವವರಿಗೆ ಇದರ ಗೊಡವೆಯೇ ಬೇಕಿಲ್ಲ.

ರೇಸ್ ಹಿಂದಿನ ಎರಡು ದಿನ ಕಾರ್ಬ್ ಲೋಡ್ ಮಾಡ್ಬೇಕು. ಸಕ್ಕರೆ ಮುಟ್ಟದೆ ಅಷ್ಟು ತಿನ್ನೋಕಾಗುತ್ತಾ?

ಕಷ್ಟ. ಒಂದೂವರೆ ಗಂಟೆಗಿಂತ ದೀರ್ಘ ಸ್ಪರ್ಧೆಗೆ 36ರಿಂದ 48 ಗಂಟೆ, ದಿನಕ್ಕೆ ದೇಹದ ಪ್ರತಿ ಕೆಜಿಗೆ 10ರಿಂದ 12 ಗ್ರಾಂ ಕಾರ್ಬ್ ಎನ್ನುತ್ತಾರೆ. 60 ಕೆಜಿಯವರಿಗೆ 600 ಗ್ರಾಂಗಿಂತ ಹೆಚ್ಚು. ಎಲ್ಲವನ್ನೂ ಅನ್ನದಿಂದಲೇ ತರಬೇಕಾದರೆ ದಿನಕ್ಕೆ ಎರಡು ಕೆಜಿಗೂ ಮೀರಿ ಬೇಯಿಸಿದ ಅನ್ನ. ನಾರಿನ ಕಾಳು, ಸಿಪ್ಪೆಯ ಧಾನ್ಯಗಳಿಂದ ತುಂಬಿಸಲು ಹೋದರೆ ಹೊಟ್ಟೆ ಬಿರಿದು, ರೇಸ್ ಬೆಳಗ್ಗೆ ಶೌಚಾಲಯದ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ. ಈ ಎರಡು ದಿನ 25 ಗ್ರಾಂ ಮಿತಿಯನ್ನು ಬಿಟ್ಟುಬಿಡಿ. ಬಿಳಿ ಅನ್ನ, ಸಿಪ್ಪೆ ತೆಗೆದ ಆಲೂಗಡ್ಡೆ, ಬಿಳಿ ಬ್ರೆಡ್ಡಿನ ಜೊತೆ ಜೇನು, ಹಣ್ಣಿನ ರಸವೂ ಇರಲಿ. ತೂಕ ಒಂದೆರಡು ಕೆಜಿ ಏರಿದರೆ ಸರಿಯಾಗಿ ತುಂಬಿದೆ ಎಂದರ್ಥ.

ಕೈಗೆ ಗ್ಲೂಕೋಸ್ ಸೆನ್ಸರ್ ಹಾಕಿಸ್ಕೊಂಡೆ. ಏನೂ ತಿನ್ನದೆ ಇಂಟರ್ವಲ್ ಓಡಿದ್ರೂ ಮೇಲೇರುತ್ತೆ. ಸಕ್ಕರೆ ಕಾಯಿಲೆ ಬಂತಾ?

ಆರೋಗ್ಯವಂತರಲ್ಲೂ ಹೀಗಾಗುತ್ತದೆ. ಬಿರುಸಿನ ಓಟದಲ್ಲಿ ಅಡ್ರಿನಲಿನ್ ಏರಿದಾಗ ಯಕೃತ್ತು ಸ್ನಾಯು ಬಳಸುವುದಕ್ಕಿಂತ ಹೆಚ್ಚು ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಓಟ ನಿಂತ ಮೇಲೆ ಇಳಿಯುತ್ತದೆ. ಇನ್ನೊಂದು ವಿಷಯ: ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು, ಆದ್ದರಿಂದ ಕೆಲವು ನಿಮಿಷ ಹಿಂದಿರುತ್ತದೆ. ಆ ಕೈ ಮೇಲೆ ಒರಗಿ ಮಲಗಿದರೆ ರಾತ್ರಿ ಸುಳ್ಳು ಇಳಿತ ತೋರಿಸುವುದೂ ಉಂಟು. ಅನುಮಾನ ಉಳಿದರೆ ಪ್ರಯೋಗಾಲಯದಲ್ಲಿ ಖಾಲಿ ಹೊಟ್ಟೆಯ ಗ್ಲೂಕೋಸ್, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ ವೈದ್ಯರಿಗೆ ತೋರಿಸಿ.

ನನಗೆ ಮಧುಮೇಹ ಇದೆ. ಇದೇ ಕ್ರಮ ನಾನೂ ಪಾಲಿಸಬಹುದಾ?

ವೈದ್ಯರ ಜೊತೆ ಕೂತು ಔಷಧಿಯ ಪ್ರಮಾಣ ಮಾತಾಡದೆ ಬೇಡ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಇಳಿಸಿ ಓಟ ಹೆಚ್ಚಿಸಿದರೆ ರಕ್ತದ ಸಕ್ಕರೆ ಅಪಾಯಕ್ಕೆ ಕುಸಿಯಬಹುದು. ಓಡುವಾಗ ಮಾತ್ರವಲ್ಲ, ಆ ರಾತ್ರಿ ನಿದ್ದೆಯಲ್ಲೂ. ಎಸ್‌ಜಿಎಲ್‌ಟಿ-2 ಗುಂಪಿನ ಮಾತ್ರೆಯವರಿಗೆ ಕಾರ್ಬ್ ತೀರಾ ಕಡಿಮೆಯಾದರೆ ಕೀಟೋಆಸಿಡೋಸಿಸ್ ಎಂಬ ತುರ್ತು ಸ್ಥಿತಿಯ ಅಪಾಯವಿದೆ. ಓಡಲು ಹೊರಟಾಗ ಜೇಬಿನಲ್ಲಿ ಗ್ಲೂಕೋಸ್ ಇರಲೇಬೇಕು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಓಟ ನಿಲ್ಲಿಸಿ 15 ಗ್ರಾಂ ತೆಗೆದುಕೊಂಡು 15 ನಿಮಿಷಕ್ಕೆ ಮತ್ತೆ ನೋಡಿ. ಆ ಹೊತ್ತಿನಲ್ಲಿ ಸಕ್ಕರೆಯೇ ಔಷಧಿ.

ಮೂರು ತಿಂಗಳಿಂದ ಮುಟ್ಟು ಬಂದಿಲ್ಲ. ಓಡುವವರಿಗೆ ಹೀಗಾಗುತ್ತೆ ಅಂತ ಜೊತೆಯವರು ಹೇಳ್ತಾರೆ.

ಹಾಗೆ ಬಿಡಬೇಡಿ, ಈ ವಾರವೇ ವೈದ್ಯರನ್ನು ಕಾಣಿ. ಖರ್ಚಿಗೆ ತಕ್ಕಷ್ಟು ತಿನ್ನದಿದ್ದಾಗ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ. ಮುಟ್ಟು ನಿಲ್ಲುವುದು, ಮೂಳೆ ಸವೆದು ಸ್ಟ್ರೆಸ್ ಫ್ರ್ಯಾಕ್ಚರ್ ಆಗುವುದು, ಪದೇ ಪದೇ ಸೋಂಕು, ಕಾರಣವಿಲ್ಲದ ಸಿಡುಕು ಎಲ್ಲ ಒಂದೇ ಸರಣಿಗೆ ಸೇರಿರಬಹುದು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ‘ರೆಡ್-ಎಸ್’ ಎಂಬ ಹೆಸರಿಟ್ಟು ವಿವರಿಸಿತು. ಗಂಡಸರಿಗೂ ಬರುತ್ತದೆ, ಅವರಲ್ಲಿ ಟೆಸ್ಟೋಸ್ಟಿರೋನ್ ಇಳಿದು ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಸಕ್ಕರೆ ಬಿಡುವುದು ‘ಇದನ್ನೂ ಬಿಡಬೇಕು, ಅದನ್ನೂ ಬಿಡಬೇಕು’ ಎಂದು ಬೆಳೆಯುತ್ತಾ ಹೋಗಿ ಇಲ್ಲಿಗೆ ತಲುಪಿದವರನ್ನು ನಾನು ಕಂಡಿದ್ದೇನೆ. ಒಂದು ತುಂಡು ಕೇಕ್ ತಿಂದ ದಿನ ರಾತ್ರಿ ನಿದ್ದೆ ಬರುವುದಿಲ್ಲ ಎಂದಾದರೆ ಊಟದ ನಿಯಮವನ್ನೆಲ್ಲ ಸದ್ಯಕ್ಕೆ ನಿಲ್ಲಿಸಿ, ತಿನ್ನುವ ತೊಂದರೆಗಳನ್ನು ಬಲ್ಲ ಮನೋವೈದ್ಯರ ಹತ್ತಿರ ಮಾತಾಡಿ.

ರೇಸ್‌ನ ಕೊನೆಯ ನಿಲ್ದಾಣದಲ್ಲಿ ಕೋಲಾ ಕೊಡ್ತಾರೆ. ಆರು ತಿಂಗಳಿಂದ ಮುಟ್ಟಿಲ್ಲ. ಕುಡಿಯಲಾ?

ಕುಡಿಯಿರಿ. ಸಕ್ಕರೆಯೂ ಇದೆ, ಸ್ವಲ್ಪ ಕೆಫೀನೂ ಇದೆ, ಕೊನೆಯ ಕಿಲೋಮೀಟರ್‌ಗಳಿಗೆ ಎರಡೂ ಬೇಕು. ಗ್ಯಾಸ್ ಹೋಗಿ ಚಪ್ಪಟೆಯಾದ ಕೋಲಾ ಸಿಕ್ಕರೆ ಒಳ್ಳೆಯದು. ಎರಡು ಮೂರು ಗುಟುಕು ಸಾಕು, ಮೇಲೆ ನೀರು. ಆದರೆ ರೇಸ್ ದಿನ ಮೊದಲ ಬಾರಿಗೆ ಬೇಡ, ಒಂದೆರಡು ಲಾಂಗ್ ರನ್ನಿನ ಕೊನೆಯಲ್ಲಿ ಕುಡಿದು ಹೊಟ್ಟೆ ಏನನ್ನುತ್ತದೆ ಎಂದು ಮುಂಚೆಯೇ ನೋಡಿಕೊಂಡಿರಿ.